ನಿನ್ನ ಮಾತಿನಲ್ಲೇ ಕೇಳು

ಎಂಟನೇ ಕ್ಲಾಸಿನ ಹುಡುಗಿಗೆ ಕ್ಲಾಸಿನಲ್ಲಿ ತನಗನಿಸಿದ್ದನ್ನು ಹೇಳುವ ಹಕ್ಕಿದೆಯಾ ಎಂದು ಕೇಳಿದೆಯಲ್ಲಮ್ಮ, ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ತೆಗೆದು ನೋಡು. ನಮ್ಮ ಲಗ್ಗೆರೆಯಲ್ಲಿ ಆರ್‌ಟಿಇ ಅಂದರೆ ಸೀಟು ಅಂತಲೇ ಲೆಕ್ಕ. ಲಾಟರಿಯಲ್ಲಿ ಹೆಸರು ಬಂತಾ, ಯಾವ ಸ್ಕೂಲು ಸಿಕ್ಕಿತು ಎಂದು ಕೇಳುವವರೇ ಎಲ್ಲ. ಸೀಟು ಸಿಕ್ಕ ಮೇಲೆ ಆ ಬೆಂಚಿನ ಮೇಲೆ ಮಗು ಹೇಗಿರಬೇಕು ಎಂದು ಅದೇ ಕಾಯ್ದೆ ಹೇಳಿರುವುದನ್ನು ಓದಿದವರು ಕಡಿಮೆ. ಮಗು ಹೆದರಿಕೆ, ಆಘಾತ, ಆತಂಕ ಇಲ್ಲದೆ ಕಲಿಯಬೇಕು, ತನ್ನ ಅನಿಸಿಕೆಯನ್ನು ಮುಕ್ತವಾಗಿ ಹೇಳಲು ಅದಕ್ಕೆ ನೆರವಾಗಬೇಕು ಎಂದು ಆ ಸೆಕ್ಷನ್ನಿನ ‘ಜಿ’ ಖಂಡ ಹೇಳುತ್ತದೆ. ಸುಮ್ಮನೆ ಹೇಳಲು ಬಿಟ್ಟರೆ ಸಾಲದು, ಹೇಳುವುದಕ್ಕೆ ಕೈಹಿಡಿದು ನೆರವಾಗಬೇಕು. ಇದು ಪಠ್ಯಕ್ರಮ ರೂಪಿಸುವವರಿಗೆ ಹೇಳಿದ ಮಾತು, ನಿಮ್ಮ ಮಿಸ್ಸಿಗೆ ಹೇಳಿದ್ದಲ್ಲ ಎಂದು ವಕೀಲರು ವಾದ ಮಾಡಬಹುದು. ಪಠ್ಯಕ್ರಮ ನಡೆಯುವುದು ಕ್ಲಾಸಿನಲ್ಲಿ ತಾನೆ, ಕಾಗದದ ಮೇಲಲ್ಲವಲ್ಲ.

ಇನ್ನೊಂದು ವಿಷಯ ನೋಡು. ‘ಜಿ’ಗೆ ಸರಿಯಾಗಿ ಮೇಲಿನ ಸಾಲಿನಲ್ಲಿ ‘ಎಫ್’ ಇದೆ. ಪಾಠದ ಮಾಧ್ಯಮ ಸಾಧ್ಯವಾದ ಮಟ್ಟಿಗೂ ಮಗುವಿನ ಮಾತೃಭಾಷೆಯಾಗಿರಬೇಕು ಎಂಬುದು ಅದರ ಮಾತು. ಕಾಯ್ದೆ ಬರೆದವರು ಬೇಕೆಂದೇ ಇವೆರಡನ್ನು ಒಟ್ಟಿಗೆ ಕೂರಿಸಿದರೋ, ಅಕ್ಷರಮಾಲೆಯ ಲೆಕ್ಕದಲ್ಲಿ ಹಾಗೆ ಬಂತೋ, ನನ್ನ ಮಟ್ಟಿಗೆ ಅವು ಒಂದೇ ಮಾತಿನ ಎರಡು ತುಂಡು. ಒಂದನ್ನು ಕಿತ್ತುಹಾಕಿ ಇನ್ನೊಂದನ್ನು ಉಳಿಸಿಕೊಳ್ಳುತ್ತೇವೆ ಎಂದರೆ ಆಗುವುದಿಲ್ಲ. ಇಷ್ಟು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತಿಯಾದ ಈ ಟೀಚರಜ್ಜಿಗೆ ನಿನ್ನ ಕಿವಿಯಲ್ಲಿ ಹೇಳಬೇಕೆನಿಸುವುದು ಮುಖ್ಯವಾಗಿ ಇಷ್ಟೇ. ಮಿಕ್ಕಿದ್ದು ವಿವರ.

ಲಗ್ಗೆರೆಯ ಬೀದಿಗಳನ್ನು ನೀನು ದಿನಾ ನೋಡುತ್ತೀಯ, ಅವು ಹೀಗಾದದ್ದು ಹೇಗೆ ಎಂದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. 1970ರ ದಶಕದಲ್ಲಿ ಪಕ್ಕದ ಪೀಣ್ಯದಲ್ಲಿ ಕೈಗಾರಿಕಾ ಪ್ರದೇಶ ಬೆಳೆಯಿತು. ಲೇತ್ ಓಡಿಸುವವರು, ವೆಲ್ಡಿಂಗ್‌ನವರು, ಪ್ಲೇಟಿಂಗ್‌ನವರು ಬಂದರು, ಆಮೇಲೆ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು. ಅಷ್ಟೂ ಜನಕ್ಕೆ ಬಾಡಿಗೆ ಮನೆ ಬೇಕಲ್ಲ. ಹೊಲ ಸೈಟಾಯಿತು, ಸೈಟಿನ ಮೇಲೆ ಮೂರು ಅಂತಸ್ತು ಎದ್ದವು, ಒಂದೊಂದು ಅಂತಸ್ತಿಗೆ ಒಂದೊಂದು ಜಿಲ್ಲೆಯ ಕನ್ನಡ ಬಂತು. ಕೆಳಗಿನ ಮನೆಯಲ್ಲಿ ಕುಣಿಗಲ್ ಕಡೆಯ ಮಾತು, ಮೇಲಿನದರಲ್ಲಿ ರಾಯಚೂರಿನದು, ಎದುರು ಮನೆಯಲ್ಲಿ ತಮಿಳು, ಹಿಂದುಗಡೆ ತೆಲುಗು. ಈ ಅಷ್ಟೂ ಮನೆಗಳ ಮಕ್ಕಳು ಬೆಳಿಗ್ಗೆ ಟೈ ಬಿಗಿದುಕೊಂಡು ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಹೊರಡುತ್ತಾರೆ. ಬರುವ ಸಂಬಳದಲ್ಲಿ ಬಾಡಿಗೆ, ರೇಷನ್ನು ಕಳೆದು ಉಳಿದದ್ದನ್ನೆಲ್ಲ ಫೀಸಿಗೆ ಸುರಿದು, ‘ನಾವಂತೂ ಓದಲಿಲ್ಲ, ಇವಾದರೂ ಇಂಗ್ಲಿಷು ಕಲೀಲಿ’ ಎನ್ನುವ ನಿನ್ನ ಅಮ್ಮನಂಥ ತಾಯಂದಿರನ್ನು ನಾನು ತಪ್ಪು ಅನ್ನಲಾರೆ. ಇಂಗ್ಲಿಷು ಬಾರದೆ ಸೂಪರ್‌ವೈಸರ್ ಮುಂದೆ ತಲೆ ತಗ್ಗಿಸಿ ನಿಂತವರಿಗೆ ಗೊತ್ತು ಅದರ ಬೆಲೆ.

ಆದರೆ ಕ್ಲಾಸಿನ ಒಳಗೆ ಏನಾಗುತ್ತದೆ ಎಂದು ಆ ತಾಯಂದಿರು ನೋಡುವಂತಿಲ್ಲ. ಮಿಸ್ಸು ನೋಟ್ಸ್ ಬರೆಸುತ್ತಾರೆ, ನೀವು ಬರೆದುಕೊಳ್ಳುತ್ತೀರಿ. ಮಧ್ಯೆ ಏನೋ ಒಂದು ಕೇಳಬೇಕೆನಿಸುತ್ತದೆ. ಅದು ಮನೆಮಾತಿನಲ್ಲೇ ಹುಟ್ಟುತ್ತದೆ. ಇಂಗ್ಲಿಷಿಗೆ ತಿರುಗಿಸಿಕೊಂಡು, ವ್ಯಾಕರಣ ಸರಿಯಾಯಿತಾ ಎಂದು ಮನಸ್ಸಿನಲ್ಲೇ ನೋಡಿಕೊಂಡು, ಕೈ ಎತ್ತುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ. ಎಷ್ಟೋ ಶಾಲೆಗಳಲ್ಲಿ ಯಾರೂ ಯಾರ ಬಾಯನ್ನೂ ಮುಚ್ಚಿಸುವುದಿಲ್ಲ. ಅದರ ಅಗತ್ಯವೇ ಬಿದ್ದಿರುವುದಿಲ್ಲ. ಕೆಲವು ಕಡೆಯಂತೂ ಕ್ಲಾಸಿನಲ್ಲಿ ಕನ್ನಡ ಮಾತಾಡಿದರೆ ದಂಡ. ದಂಡ ಕಟ್ಟಿಯಾದರೂ ಮಾತಾಡುವಷ್ಟು ದುಡ್ಡು ಲಗ್ಗೆರೆಯ ಮಕ್ಕಳ ಜೇಬಿನಲ್ಲಿಲ್ಲ.

ಇಲ್ಲಿ ನಿನಗೊಂದು ಕೋರ್ಟಿನ ಕಥೆ ಹೇಳಬೇಕು. 1994ರಲ್ಲಿ ನಮ್ಮ ರಾಜ್ಯ ಸರ್ಕಾರ ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲೇ ಪಾಠ ನಡೆಯಬೇಕು ಎಂದು ಆದೇಶ ಹೊರಡಿಸಿತು. ಖಾಸಗಿ ಶಾಲೆಗಳವರು ಕೋರ್ಟಿಗೆ ಹೋದರು. ಇಪ್ಪತ್ತು ವರ್ಷ ಎಳೆದಾಡಿ, ಕೊನೆಗೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಸರ್ಕಾರದ ವಿರುದ್ಧ ತೀರ್ಪು ಕೊಟ್ಟಿತು. ಕಾರಣವಾಗಿ ಕೊಟ್ಟದ್ದು ಯಾವ ವಿಧಿಯನ್ನು ಗೊತ್ತಾ? ಸಂವಿಧಾನದ 19(1)(ಎ), ಅಂದರೆ ವಾಕ್ ಸ್ವಾತಂತ್ರ್ಯ. ಯಾವ ಭಾಷೆಯಲ್ಲಿ ಕಲಿಯಬೇಕು ಎಂದು ಆಯ್ದುಕೊಳ್ಳುವುದು ಮಗುವಿನ ವಾಕ್ ಸ್ವಾತಂತ್ರ್ಯದ ಭಾಗ, ಮಗುವಿನ ಪರವಾಗಿ ತಂದೆತಾಯಿ ಅದನ್ನು ಆಯ್ದುಕೊಳ್ಳಬಹುದು ಎಂದಿತು ಕೋರ್ಟು. ಸರ್ಕಾರದ ಬಲವಂತ ತಪ್ಪಿತು, ಸರಿ. ಆದರೆ ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ ಅಪ್ಪ ಅಮ್ಮ ಆರಿಸಿಕೊಟ್ಟ ಮಾಧ್ಯಮದಲ್ಲಿ ಮಗುವಿಗೆ ವಾಕ್ಕೇ ಹೊರಡದಿದ್ದರೆ ಆ ಸ್ವಾತಂತ್ರ್ಯವನ್ನು ಎಲ್ಲಿಡಬೇಕು? ನ್ಯಾಯಮೂರ್ತಿಗಳ ತೀರ್ಪಿಗೆ ತಲೆಬಾಗುತ್ತೇನೆ. ಈ ಪ್ರಶ್ನೆ ಮಾತ್ರ ನನ್ನಲ್ಲಿ ಉಳಿದೇ ಇದೆ.

ಅದಕ್ಕೇ ಹೇಳುತ್ತೇನೆ, ನೋಟ್ಸು ಇಂಗ್ಲಿಷಿನಲ್ಲಿರಲಿ, ಪರೀಕ್ಷೆ ಇಂಗ್ಲಿಷಿನಲ್ಲೇ ಬರಿ, ಕೇಳುವುದನ್ನು ಮಾತ್ರ ಬಾಯಿಗೆ ಬಂದ ಭಾಷೆಯಲ್ಲೇ ಕೇಳು. ‘ಮಿಸ್, ಇದನ್ನ ಕನ್ನಡದಲ್ಲಿ ಕೇಳಬಹುದಾ?’ ಎಂದು ಒಂದು ಮಾತು ಮೊದಲು ಹೇಳು. ಬಹಳ ಜನ ಬೇಡ ಅನ್ನುವುದಿಲ್ಲ. ಏಕೆಂದರೆ ಆ ಮಿಸ್ಸೂ ನಿನ್ನ ಹಾಗೆ ಇಂಥದೇ ಒಂದು ಬೀದಿಯಿಂದ ಬಂದವರು, ಪಾಠದ ಮಧ್ಯೆ ಅವರ ಬಾಯಲ್ಲೂ ಕನ್ನಡ ಬಂದೇ ಬರುತ್ತದೆ.

ಹೀಗೆ ಒಬ್ಬ ಕೇಳಿದ್ದರಿಂದ ಕ್ಲಾಸೇ ಬದಲಾದದ್ದನ್ನು ನಾನು ನೋಡಿದ್ದೇನೆ. ಜಲಮಾಲಿನ್ಯದ ಪಾಠ. ಪಠ್ಯದಲ್ಲಿದ್ದದ್ದು ಎಲ್ಲ ಪಠ್ಯಗಳಲ್ಲೂ ಇರುವ ಉತ್ತರವೇ: ಕಾರಣಗಳು, ಪರಿಣಾಮಗಳು, ಪರಿಹಾರಗಳು. ಪರಿಹಾರ ಎಂದರೆ ಮಾಲಿನ್ಯ ಮಾಡುವ ಕಾರ್ಖಾನೆಗಳ ಮೇಲೆ ಕಠಿಣ ಕ್ರಮ. ಬರೆದರೆ ಎರಡು ಅಂಕ. ನಾನು ಪುಸ್ತಕ ಮುಚ್ಚಿಟ್ಟು ನಮ್ಮ ಊರಿನ ಕಥೆ ಹೇಳಿದೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿಕೊಂಡಿರುವುದು ಪರೀಕ್ಷೆ ಮಾಡಿ ಕಂಡುಕೊಂಡ ವಿಷಯ. ಲೋಹದ ಮೇಲೆ ಹೊಳಪಿನ ಲೇಪ ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ತ್ಯಾಜ್ಯ ನೀರು ನೆಲಕ್ಕಿಳಿದರೆ ಆಗುವುದು ಅದೇ. ಆ ಕಡೆಯ ರಾಜಕಾಲುವೆಯ ನೀರು ವೃಷಭಾವತಿಗೆ ಸೇರಿ, ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗುತ್ತದೆ. ಅಲ್ಲಿಯ ರೈತರ ಹೊಲಕ್ಕೆ ಹರಿಯುವುದು ನಮ್ಮೂರಿನ ಕೊಳಕು ಎಂದೆ. ಏನು ಮಾಡಬೇಕು ಹೇಳಿ ಎಂದು ಕೇಳಿದೆ. ಒಬ್ಬಳು ಎದ್ದು, ‘ಮುಚ್ಚಿಸಬೇಕು ಟೀಚರ್, ನಮ್ಮ ಬೋರ್ ನೀರು ಹಳದಿ ಬರುತ್ತೆ’ ಎಂದಳು. ಎಲ್ಲರೂ ಹೌದು ಹೌದು ಎಂದರು.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, ಅಲ್ಲಿಯವರೆಗೆ ಹಾಜರಿಗೆ ಬಿಟ್ಟು ಬಾಯಿ ಬಿಟ್ಟವನಲ್ಲ, ‘ಬಂದ್ ಮಾಡಿದ್ರ ನಮ್ಮಪ್ಪ ಎಲ್ಲಿಗೆ ಹೋಗಬೇಕ್ರೀ ಟೀಚರ್?’ ಎಂದ. ಎರಡು ಬೆಂಚು ಕಿಸಕ್ಕನೆ ನಕ್ಕವು. ಅವನು ಹೇಳಿದ ವಿಷಯಕ್ಕಲ್ಲ, ಹೇಳಿದ ರೀತಿಗೆ. ಅವನು ಕೂತುಬಿಡುವವನಿದ್ದ. ನಿಲ್ಲಪ್ಪಾ, ಮುಂದಕ್ಕೆ ಹೇಳು ಎಂದೆ. ಹೇಳಿದ. ಅವನಪ್ಪನಿಗೆ ಪ್ಲೇಟಿಂಗ್ ಕೆಲಸ. ಕೈ ಬೆರಳಿನ ಸಂದಿಯಲ್ಲಿ ಹುಣ್ಣು. ನೀರು ಶುದ್ಧ ಮಾಡುವ ಯಂತ್ರ ಸಣ್ಣ ಯೂನಿಟ್ಟಿನವರಿಗೆ ಕಟ್ಟುವುದಿಲ್ಲ, ಕರೆಂಟ್ ಬಿಲ್ಲಿಗೆ ಹೆದರಿ ಇರುವುದನ್ನೂ ಓಡಿಸುವುದಿಲ್ಲ. ಹತ್ತಾರು ಯೂನಿಟ್ಟಿಗೆ ಸೇರಿ ಒಂದು ಘಟಕ ಮಾಡಿಕೊಟ್ಟರೆ ಆಗುತ್ತದೆ ಎಂದು ಅವನಪ್ಪ ಮನೆಯಲ್ಲಿ ಹೇಳುತ್ತಿದ್ದನಂತೆ. ಪುಸ್ತಕದಲ್ಲಿ ಇರಲಿಲ್ಲ ಇದು. ನನಗೂ ಅಷ್ಟು ವಿವರ ಗೊತ್ತಿರಲಿಲ್ಲ. ಹಳದಿ ನೀರಿನ ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, ‘ಹಾಗಾದರೆ ಮುಚ್ಚೋದು ಬೇಡ, ಆದರೆ ಅಲ್ಲಿವರೆಗೆ ನಾವು ಕುಡಿಯೋದು ಏನನ್ನ?’ ಎಂದಳು. ಇಬ್ಬರೂ ಸರಿ. ಆ ದಿನ ಪಾಠ ಮುಗಿಯಲಿಲ್ಲ, ಸಿಲಬಸ್ಸು ಒಂದು ಪೀರಿಯಡ್ ಹಿಂದೆ ಬಿತ್ತು. ನನ್ನ ಸರ್ವಿಸಿನ ಒಳ್ಳೆಯ ಪೀರಿಯಡ್‌ಗಳಲ್ಲಿ ಅದೊಂದು.

ಮಕ್ಕಳ ಅಭಿಪ್ರಾಯಕ್ಕೆ ಅವಕಾಶ ಕೊಡಬೇಕು ಎಂದು ಭಾಷಣ ಮಾಡುವವರು ಅದನ್ನೊಂದು ಉದಾರತನದ ಹಾಗೆ ಹೇಳುತ್ತಾರೆ. ನನಗದು ಒಪ್ಪಿಗೆಯಿಲ್ಲ. ಆ ಹುಡುಗ ಬಾಯಿ ಮುಚ್ಚಿಕೊಂಡಿದ್ದರೆ ಅವನಿಗೆ ಆಗುತ್ತಿದ್ದ ನಷ್ಟ ಒಂದು ಪಾಲಾದರೆ ನಮಗೆಲ್ಲ ಆಗುತ್ತಿದ್ದದ್ದು ಹತ್ತು ಪಾಲು. ನಾವು ಪೀಣ್ಯದ ಮಗ್ಗುಲಲ್ಲಿ ಕೂತು ಪೀಣ್ಯದ ಬಗ್ಗೆ ಎರಡು ಅಂಕದ ಸುಳ್ಳು ಬರೆದುಕೊಂಡು ಎದ್ದುಹೋಗುತ್ತಿದ್ದೆವು.

ಆ ಕಿಸಕ್ಕನೆ ನಕ್ಕ ಎರಡು ಬೆಂಚಿನ ವಿಷಯಕ್ಕೆ ಬರುತ್ತೇನೆ. ಬಾಯಿ ಮುಚ್ಚಿಸುವವರೆಂದರೆ ಮಿಸ್ಸು, ಹೆಡ್‌ಮಿಸ್ಸು, ಕೋಲು ಎಂದು ನಿಮಗೆ ಅನಿಸುತ್ತದೆ. ಅರ್ಧ ಜನ ನಿಮ್ಮ ಬೆಂಚಿನಲ್ಲೇ ಇರುತ್ತಾರೆ. ‘ಏನ್ರೀ’, ‘ಹೌದ್ರೀ’ ಎಂದು ಅಣಕಿಸುವವರು, ತಪ್ಪು ಇಂಗ್ಲಿಷಿಗೆ ಹಲ್ಲು ಬಿಡುವವರು, ಪ್ರಶ್ನೆ ಕೇಳಿದವಳಿಗೆ ‘ಓವರ್ ಆಕ್ಟಿಂಗ್’ ಎಂದು ಹೆಸರಿಡುವವರು, ಬೆಲ್ ಹೊಡೆಯುವ ಹೊತ್ತಿಗೆ ಕೈ ಎತ್ತಿದವನನ್ನು ಕೆಕ್ಕರಿಸಿ ನೋಡುವವರು. ನೀನು ನಕ್ಕಿಲ್ಲವಾ? ನಿನ್ನ ಹಕ್ಕಿನ ಬಗ್ಗೆ ನನ್ನನ್ನು ಕೇಳಲು ಬಂದವಳು ನಿನ್ನ ಪಕ್ಕದವಳ ಹಕ್ಕಿನ ಬಗ್ಗೆಯೂ ನೆನಪಿಟ್ಟುಕೋ. 19(1)(ಎ) ನಿನ್ನೊಬ್ಬಳಿಗೇ ಬರೆದದ್ದಲ್ಲ.

ಮಿಸ್ಸಿನ ಪಾಡನ್ನೂ ತಿಳಿದುಕೋ ತಾಯಿ. ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ಕ್ಲಾಸಿನವರೆಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರು ಇರಬೇಕು. ನಿನ್ನ ಸೆಕ್ಷನ್‌ನಲ್ಲಿ ಎಷ್ಟು ಜನ, ನೀನೇ ಎಣಿಸು. ಸಣ್ಣ ಖಾಸಗಿ ಶಾಲೆಗಳಲ್ಲಿ ಎಷ್ಟೋ ಟೀಚರುಗಳ ಸಂಬಳ ಹೇಳಿಕೊಳ್ಳುವಂತಿರುವುದಿಲ್ಲ. ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕರಿಗೆ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ. ಸ್ಟಾಫ್ ಮೀಟಿಂಗಿನಲ್ಲಿ ತಮಗನಿಸಿದ್ದನ್ನು ಹೇಳಿದರೆ ನಾಳೆಯಿಂದ ಬರಬೇಡಿ ಎನ್ನಿಸಿಕೊಳ್ಳುವ ಭಯ ಅವರಿಗೆ. ತಾವೇ ಬಾಯಿ ಕಟ್ಟಿಸಿಕೊಂಡವರು ಬಾಯಿ ಬಿಡುವ ಮಕ್ಕಳನ್ನು ಬೆಳೆಸುವುದು ಕಷ್ಟ. ನಿನ್ನ ಪ್ರಶ್ನೆಗೆ ಮಿಸ್ಸು ಸಿಡುಕಿದರೆ ಅದು ಯಾವಾಗಲೂ ನಿನ್ನ ಮೇಲಿನ ಕೋಪವಾಗಿರಬೇಕಿಲ್ಲ, ಪಾಠ ಮುಗಿದಿಲ್ಲ ಎಂಬ ದಿಗಿಲು ಇರಬಹುದು.

ಹಾಗೆ ಸಿಡುಕಿದರು ಎಂದುಕೋ. ಸುಮ್ಮನಾಗಬೇಕೋ? ಬೃಹದಾರಣ್ಯಕ ಉಪನಿಷತ್ತಿನ ಗಾರ್ಗಿಯನ್ನು ನೋಡು. ಜನಕರಾಜನ ಸಭೆಯಲ್ಲಿ ಯಾಜ್ಞವಲ್ಕ್ಯನಿಗೆ ಒಂದರ ಹಿಂದೆ ಒಂದು ಪ್ರಶ್ನೆ ಹಾಕುತ್ತ ಹೋದಳು. ಇನ್ನೂ ಕೇಳಿದರೆ ನಿನ್ನ ತಲೆ ಉದುರೀತು ಎಂದು ಅವನು ಎಚ್ಚರಿಸಿದ. ಅವಳು ಕೂತಳು. ನಮ್ಮ ಜನ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ, ಹೆಣ್ಣುಮಕ್ಕಳಿಗೆ ಹೇಳುವಾಗಲಂತೂ. ಉಪನಿಷತ್ತು ನಿಲ್ಲಿಸುವುದಿಲ್ಲ. ಇನ್ನೊಬ್ಬರ ವಾದ ಮುಗಿದ ಮೇಲೆ ಗಾರ್ಗಿ ಮತ್ತೆ ಏಳುತ್ತಾಳೆ. ಈ ಸಲ ಸಭೆಯವರ ಒಪ್ಪಿಗೆ ಕೇಳುತ್ತಾಳೆ, ಎರಡೇ ಪ್ರಶ್ನೆ ಎನ್ನುತ್ತಾಳೆ. ಕೇಳಿ, ಉತ್ತರ ಸರಿಯಾಗಿದೆ ಎನಿಸಿದಾಗ ಅದನ್ನೂ ಸಭೆಯ ಮುಂದೆ ತಾನೇ ಹೇಳುತ್ತಾಳೆ. ಕೇಳುವ ವಿದ್ಯೆ ಪೂರ್ತಿ ಅದರಲ್ಲಿದೆ: ಹೊತ್ತು ನೋಡಿಕೊಂಡಳು, ಪ್ರಶ್ನೆಯನ್ನು ಗಟ್ಟಿ ಮಾಡಿಕೊಂಡಳು, ಉತ್ತರ ಬಂದಾಗ ಒಪ್ಪಿದಳು. ಮೂರನೆಯದು ನಿಮಗೆ ಕಷ್ಟ. ನನಗೂ ಅಷ್ಟೇ ಅನ್ನು.

ನಮ್ಮ ಬೆಂಗಳೂರಿನಲ್ಲೇ ಪ್ರಶ್ನೆ ಕೇಳುವುದನ್ನೇ ವ್ರತ ಮಾಡಿಕೊಂಡಿದ್ದ ಒಬ್ಬ ಮೇಷ್ಟ್ರಿದ್ದರು, ಡಾ. ಎಚ್. ನರಸಿಂಹಯ್ಯ. ಗೌರಿಬಿದನೂರು ತಾಲೂಕಿನ ಹೊಸೂರಿನ ಬಡವರ ಮನೆಯ ಹುಡುಗ, ಓದಿ ಭೌತವಿಜ್ಞಾನಿಯಾಗಿ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿ ದೊಡ್ಡ ದೊಡ್ಡವರ ಮುನಿಸು ಕಟ್ಟಿಕೊಂಡರು. ಆ ಮನುಷ್ಯ ಮಾತಾಡುತ್ತಿದ್ದದ್ದು ಕಟ್ಟಾ ಹಳ್ಳಿಗನ ಸರಳ ಕನ್ನಡ. ಅಂಥ ಪ್ರಶ್ನೆಗಳಿಗೆ ಕಾನ್ವೆಂಟಿನ ಇಂಗ್ಲಿಷು ಬೇಕಾಗಲಿಲ್ಲ.

ಇಷ್ಟು ಹೇಳಿದ ಮೇಲೆ ಕಹಿಯಾದದ್ದನ್ನೂ ಹೇಳಬೇಕು. 2020ರ ಜನವರಿಯಲ್ಲಿ ಬೀದರಿನ ಶಾಹೀನ್ ಶಾಲೆಯ ಮಕ್ಕಳು, ನಿನಗಿಂತ ಚಿಕ್ಕವರು, ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ಒಂದು ನಾಟಕ ಆಡಿದರು. ಅದರ ವಿಡಿಯೊ ಫೇಸ್‌ಬುಕ್ಕಿಗೆ ಹೋಯಿತು. ಪ್ರಧಾನಿಗೆ ಅವಮಾನವಾಯಿತೆಂದು ದೂರು, ದೇಶದ್ರೋಹದ ಕೇಸು. ಮುಖ್ಯ ಶಿಕ್ಷಕಿ ಮತ್ತು ಒಬ್ಬ ವಿದ್ಯಾರ್ಥಿನಿಯ ತಾಯಿ ಜೈಲಿನಲ್ಲಿದ್ದರು. ಪೊಲೀಸರು ಶಾಲೆಗೆ ಮತ್ತೆ ಮತ್ತೆ ಬಂದು ಮಕ್ಕಳನ್ನು ವಿಚಾರಿಸಿದರು. ಸಮವಸ್ತ್ರದಲ್ಲಿ ಬಂದು ಮಕ್ಕಳನ್ನು ಪ್ರಶ್ನಿಸಿದ್ದು ಮೇಲ್ನೋಟಕ್ಕೆ ಬಾಲನ್ಯಾಯ ಕಾಯ್ದೆಗೆ ವಿರುದ್ಧ ಎಂದು 2021ರಲ್ಲಿ ಹೈಕೋರ್ಟ್ ಹೇಳಿತು. 2023ರ ಜೂನ್‌ನಲ್ಲಿ ಕಲಬುರಗಿ ಪೀಠ ಕೇಸನ್ನೇ ರದ್ದು ಮಾಡಿತು. ಹಿಂಸೆಗೆ ಪ್ರಚೋದನೆ ಇಲ್ಲದಿದ್ದ ಮೇಲೆ ದೇಶದ್ರೋಹ ಎಲ್ಲಿಂದ ಬಂತು ಎಂಬುದು ಅದರ ಸಾರ. ಆದರೆ ಅದೇ ತೀರ್ಪು ಶಾಲೆಗಳಿಗೆ ಒಂದು ಬುದ್ಧಿಮಾತನ್ನೂ ಹೇಳಿತು: ಸರ್ಕಾರದ ನೀತಿಗಳನ್ನು ಟೀಕಿಸುವುದನ್ನು ಮಕ್ಕಳಿಗೆ ಕಲಿಸಬೇಡಿ, ಓದಿಗೆ ಹೊಂದುವ ವಿಷಯಗಳ ನಾಟಕ ಆಡಿಸಿ ಎಂದು.

ಹಿರಿಯರು ಬರೆದುಕೊಟ್ಟ ಮಾತನ್ನು ಮಕ್ಕಳ ಬಾಯಲ್ಲಿ ಆಡಿಸುವುದು ನನಗೂ ಸೇರುವುದಿಲ್ಲ, ಅದು ಯಾವ ಪಕ್ಷದ ಮಾತೇ ಆಗಿರಲಿ. ಆಗಸ್ಟ್ 15ರ ಭಾಷಣಗಳಲ್ಲಿ ನಿಮ್ಮ ಕೈಯಲ್ಲಿ ಸರ್ಕಾರವನ್ನು ಹೊಗಳಿಸುವುದೂ ಅಷ್ಟೇ. ಆದರೆ ಹದಿನೆಂಟು ತುಂಬುವವರೆಗೆ ಟೀಕೆಯ ಹತ್ತಿರ ಸುಳಿಯದ ಮಗು ಹದಿನೆಂಟರ ಮರುದಿನ ಮತಗಟ್ಟೆಯಲ್ಲಿ ಯಾವ ಬುದ್ಧಿಯಿಂದ ಗುಂಡಿ ಒತ್ತಬೇಕು? ಪೌರನೀತಿ ಪಾಠ ಮಾಡಿದ ನಾನು ಆ ಬುದ್ಧಿಮಾತನ್ನು ಒಪ್ಪಲಾರೆ. ಹೀಗೆ ಹೇಳುವುದು ಕೋರ್ಟಿಗೆ ಅಗೌರವವಲ್ಲ, ಭಿನ್ನಾಭಿಪ್ರಾಯ. ನಿನಗೆ ಕಲಿಸಬೇಕೆಂದಿರುವುದೂ ಇದನ್ನೇ.

ಬೇರೆ ಕಡೆ ಬೇರೆ ಥರ ಆಗಿದೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಮೇರಿ ಬೆತ್ ಟಿಂಕರ್ ಎಂಬ ಹದಿಮೂರರ ಹುಡುಗಿ, ನಿನ್ನಂತೆಯೇ ಎಂಟನೇ ಕ್ಲಾಸು, 1965ರ ಡಿಸೆಂಬರ್‌ನಲ್ಲಿ ವಿಯೆಟ್ನಾಂ ಯುದ್ಧ ನಿಲ್ಲಲಿ ಎಂದು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದಳು. ಶಾಲೆಯವರು ಹೊರಗೆ ಹಾಕಿದರು. 1969ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಏಳು–ಎರಡರ ಬಹುಮತದಲ್ಲಿ ಅವಳ ಪರ ತೀರ್ಪು ಕೊಟ್ಟಿತು. ಪಾಠಕ್ಕೆ ಗಣನೀಯ ಅಡ್ಡಿಯಾಗದಿದ್ದರೆ ಅಭಿಪ್ರಾಯ ತೋರಿಸಿಕೊಳ್ಳುವುದನ್ನು ತಡೆಯುವಂತಿಲ್ಲ ಎಂಬುದು ಆ ತೀರ್ಪಿನ ಅಳತೆಗೋಲು. ನಮ್ಮಲ್ಲೇ, ಪಕ್ಕದ ಕೇರಳದಲ್ಲಿ 1985ರಲ್ಲಿ ಮೂವರು ಒಡಹುಟ್ಟಿದವರನ್ನು ಶಾಲೆಯಿಂದ ತೆಗೆದರು. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದ ಮಕ್ಕಳು. ರಾಷ್ಟ್ರಗೀತೆಗೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ತಮ್ಮ ನಂಬಿಕೆಯ ಕಾರಣ ಹಾಡುತ್ತಿರಲಿಲ್ಲ. 1986ರ ಆಗಸ್ಟ್ 11ರಂದು ನಮ್ಮ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರ ಪೀಠ ಆ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಎಂದಿತು. ಮಾತಾಡುವ ಹಕ್ಕಿನೊಳಗೇ ಮಾತಾಡದಿರುವ ಹಕ್ಕೂ ಇದೆ. ಚರ್ಚೆಯಲ್ಲಿ ನಿನಗೆ ಹೇಳಲು ಇಷ್ಟವಿಲ್ಲದಿದ್ದರೆ, ನಿನ್ನ ಮನೆಯ ದೇವರು, ಜಾತಿ, ಅಪ್ಪನ ಕೆಲಸ ಯಾವುದನ್ನೂ ಹೇಳಲೇಬೇಕೆಂದು ಯಾರೂ ನಿನ್ನನ್ನು ಎಬ್ಬಿಸಿ ನಿಲ್ಲಿಸುವಂತಿಲ್ಲ.

ಯಾವುದು ಅಭಿಪ್ರಾಯವಲ್ಲ ಎಂಬುದನ್ನೂ ಚುಟುಕಾಗಿ ಹೇಳಿಬಿಡುತ್ತೇನೆ. ಜಾತಿ ಹಿಡಿದು ಆಡುವುದು, ಮಿಸ್ಸಿಗೆ ಅಡ್ಡಹೆಸರಿಟ್ಟು ಕೂಗುವುದು, ಇನ್ನೊಬ್ಬರ ಮಾತಿನ ಮೇಲೆ ಮಾತು ಹಾಕುವುದು ಇದರಲ್ಲಿ ಬರುವುದಿಲ್ಲ. ವಾಕ್ ಸ್ವಾತಂತ್ರ್ಯಕ್ಕೂ ಮಿತಿಗಳಿವೆ, 19(2) ಓದು. ಮಿಸ್ಸು ಏನೋ ತಪ್ಪು ಹೇಳಿದರೆಂದು ಮೊಬೈಲಿನಲ್ಲಿ ಕದ್ದು ಹಿಡಿದು ಕ್ಲಾಸ್ ಗ್ರೂಪಿಗೆ ಹಾಕಬೇಡ. ನಾಲ್ಕು ಗೋಡೆಯೊಳಗೆ ಮಿಸ್ಸಿಗೂ ತಪ್ಪು ಮಾತಾಡಿ ತಿದ್ದಿಕೊಳ್ಳುವ ಅವಕಾಶ ಬೇಕು.

ಭಿನ್ನಾಭಿಪ್ರಾಯ ಬೇರೆ, ದೂರು ಬೇರೆ. ಹೊಡೆದರೆ, ಹೀಯಾಳಿಸಿ ಮಾನಸಿಕವಾಗಿ ಹಿಂಸಿಸಿದರೆ ಅದೇ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅದು ನಿಷಿದ್ಧ. ಮುಟ್ಟಬಾರದ ಕಡೆ ಮುಟ್ಟಿದರೆ ಅದು ಅಪರಾಧ. ಅಲ್ಲಿ ಕೈ ಎತ್ತಿ, ಹೊತ್ತು ನೋಡಿ, ಒಪ್ಪಿಗೆ ಕೇಳಿ ಮಾತಾಡುವ ಗಾರ್ಗಿಯ ನಯ ಬೇಕಾಗಿಲ್ಲ. ಅಂದೇ ಅಮ್ಮನಿಗೆ ಹೇಳು, 1098ಕ್ಕೆ ಫೋನ್ ಮಾಡು, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರಿ. 2023ರ ಡಿಸೆಂಬರ್‌ನಲ್ಲಿ ಇಲ್ಲೇ ಅಂದ್ರಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮಕ್ಕಳ ಕೈಯಲ್ಲಿ ಶೌಚಾಲಯ ತೊಳೆಸಿದ್ದು ಹೊರಬಂತು. ಪೋಷಕರು ಶಾಲೆಯ ಮುಂದೆ ನಿಂತರು, ಮುಖ್ಯ ಶಿಕ್ಷಕಿಯ ಅಮಾನತಾಯಿತು. ಅಲ್ಲಿ ವಿಡಿಯೊವೇ ಸಾಕ್ಷಿಯಾಯಿತು ಎಂದು ನೀನು ನನ್ನನ್ನು ಕೇಳಬಹುದು. ಹೌದು. ಮಕ್ಕಳನ್ನು ಹಾಗೆ ನಡೆಸಿಕೊಂಡಾಗ ಸಾಕ್ಷಿ ಬೇಕು. ಪಾಠದಲ್ಲಿ ಒಂದು ಇಸವಿ ತಪ್ಪಾದದ್ದಕ್ಕೆ ಬೇಡ.

ನಿನ್ನ ಅಮ್ಮ ಗಾರ್ಮೆಂಟ್ಸ್‌ಗೆ ಹೋಗುವವಳು. 2016ರ ಏಪ್ರಿಲ್ ನೆನಪಿದೆಯಾ ಎಂದು ಅವಳನ್ನು ಕೇಳು. ಪಿಎಫ್‌ನಲ್ಲಿ ಮಾಲೀಕರು ಹಾಕುವ ಪಾಲನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಮಗಳ ಫೀಸಿಗೆ, ಬಾಣಂತನಕ್ಕೆ ಆ ದುಡ್ಡನ್ನೇ ನಂಬಿಕೊಂಡಿದ್ದ ಹೆಂಗಸರು ಏಪ್ರಿಲ್ 18ರಂದು ಹೊಸೂರು ರಸ್ತೆಗೆ ಇಳಿದರು, ಮರುದಿನ ನಮ್ಮ ಪೀಣ್ಯ, ಜಾಲಹಳ್ಳಿ ಕ್ರಾಸ್ ಕಡೆಯೂ ತುಂಬಿಹೋಯಿತು. ದೊಡ್ಡ ನಾಯಕರು ಯಾರೂ ಮುಂದೆ ನಿಂತಿರಲಿಲ್ಲ. 19ರ ಸಂಜೆಯೊಳಗೆ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಕಲ್ಲೂ ಬಿದ್ದಿತ್ತು, ಲಾಠಿಯೂ ಬಿದ್ದಿತ್ತು, ಬಸ್ಸು ಸುಟ್ಟಿತ್ತು. ಆ ಹೆಂಗಸರ ಧೈರ್ಯಕ್ಕೆ ಕೈಮುಗಿಯುತ್ತೇನೆ. ಆದರೆ ವರ್ಷಗಟ್ಟಲೆ ಫ್ಲೋರಿನಲ್ಲಿ ತಲೆ ಎತ್ತಿ ‘ಇದು ಸರಿಯಿಲ್ಲ ಸರ್’ ಎನ್ನಲು ಜಾಗವಿದ್ದಿದ್ದರೆ ಅಷ್ಟು ಸಿಟ್ಟು ರಸ್ತೆಗೆ ಬರುವವರೆಗೆ ಕಾಯುತ್ತಿರಲಿಲ್ಲ. ಮಾತಿನಲ್ಲಿ ಹೇಳುವ ಅಭ್ಯಾಸ ಎಲ್ಲಿಂದ ಶುರುವಾಗಬೇಕು, ಕ್ಲಾಸಿನಿಂದ ತಾನೆ?

ಹಳ್ಳಿ ಮಕ್ಕಳಿಗೆ ಅದಕ್ಕೊಂದು ಜಾಗವನ್ನು ನಮ್ಮ ರಾಜ್ಯವೇ ಮಾಡಿಕೊಟ್ಟಿದೆ. ಕುಂದಾಪುರ ಸೀಮೆಯಲ್ಲಿ ದುಡಿಯುವ ಮಕ್ಕಳ ಭೀಮ ಸಂಘ, ಮಕ್ಕಳ ಪಂಚಾಯತಿಗಳು 1990ರ ದಶಕದಲ್ಲೇ ಕೆಲಸ ಮಾಡಿ ತೋರಿಸಿದ್ದವು. 2006ರಲ್ಲಿ ಸರ್ಕಾರ ಪ್ರತಿ ಗ್ರಾಮ ಪಂಚಾಯಿತಿಯೂ ಮಕ್ಕಳ ಗ್ರಾಮಸಭೆ ನಡೆಸಬೇಕು ಎಂದು ಸುತ್ತೋಲೆ ಹೊರಡಿಸಿತು. ನವೆಂಬರ್ ಸುಮಾರಿಗೆ ಹಳ್ಳಿಗಳಲ್ಲಿ ನಿನ್ನ ವಯಸ್ಸಿನವರು ಅಧ್ಯಕ್ಷರ ಮುಂದೆ ನಿಂತು ಶೌಚಾಲಯ, ಬಸ್ಸು, ಕಾಲುಸಂಕ ಕೇಳುತ್ತಾರೆ; ತಮ್ಮ ಊರಿನ ಕನ್ನಡದಲ್ಲೇ ಕೇಳುತ್ತಾರೆ. ಲಗ್ಗೆರೆ ಹಳ್ಳಿಯಾಗಿ ಉಳಿದಿಲ್ಲ, ಆದ್ದರಿಂದ ನಿನಗೆ ಆ ಸಭೆಯಿಲ್ಲ. ಪಾಲಿಕೆಯ ಮಾತು ಬಿಡು, 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿದ ಮೇಲೆ ದೊಡ್ಡವರಿಗೇ ವರ್ಷಗಟ್ಟಲೆ ಚುನಾವಣೆ ಇರಲಿಲ್ಲ. ನಿನಗಿರುವ ಸಭೆ ಎಂದರೆ ನಿನ್ನ ಕ್ಲಾಸು ಒಂದೇ.

ಆದ್ದರಿಂದ, ಮಿಸ್ಸು ಬರೆಸಿದ ನೋಟ್ಸಿನಲ್ಲಿ ಏನೋ ತಪ್ಪಿದೆ ಎಂದು ನಿನಗೆ ಅನಿಸಿದೆಯಲ್ಲ, ಅದನ್ನು ಬಿಟ್ಟುಕೊಡಬೇಡ. ಪಠ್ಯದ ಪುಟ ಗುರುತು ಹಾಕಿಕೋ, ಪಾಠ ಮುಗಿಯುವ ಹೊತ್ತಿಗೆ ಕೈ ಎತ್ತು, ಕನ್ನಡದಲ್ಲೇ ಕೇಳು. ಅವರು ಸರಿ, ನೀನು ತಪ್ಪು ಎಂದು ಗೊತ್ತಾದರೆ ‘ಹೌದು ಮಿಸ್’ ಎಂದು ಕೂತುಕೋ. ಕೇಳಲು ಬಿಡದಿದ್ದರೆ ಚೀಟಿಯಲ್ಲಿ ಬರೆದು ಸ್ಟಾಫ್ ರೂಮಿನಲ್ಲಿ ಕೊಡು. ಅದಕ್ಕೂ ಉತ್ತರ ಬರದಿದ್ದರೆ, ಅಥವಾ ನಿನ್ನನ್ನು ಹೊರಗೆ ನಿಲ್ಲಿಸಿದರೆ, ಮನೆಗೆ ಬಾ. 29ನೇ ಸೆಕ್ಷನ್ ಇರುವ ಪುಟ ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ. ನೀನು, ನಿನ್ನ ಅಮ್ಮ, ನಾನು ಮೂವರೂ ಹೋಗಿ ಹೆಡ್‌ಮಿಸ್ಸನ್ನು ನೋಡಿ ಮಾತಾಡಿ ಬರೋಣ.